ಟಿಕೀಟಿಲ್ಲದ ರವಿವಾರಗಳು

ರೊಕ್ಕ ಕೊಡದೆ ಹೋಗಬಹುದಾದ ಜಾಗಗಳೆಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಂಜಿಕೆ. ಇದನ್ನು ಓದಿ ಮೊಮ್ಮಕ್ಕಳಾದ ನೀವಿಬ್ಬರೂ ನಗುತ್ತೀರಿ, ನಗಿರಿ. ಆದರೆ ವಿಚಾರ ಮಾಡಿ ನೋಡಿ. ಟಾಕೀಜಿನಲ್ಲಿ ಟಿಕೀಟು ತೆಗೆದುಕೊಂಡು ಕೂತವರನ್ನು ಯಾರೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಕೈಯಲ್ಲಿರುವ ಚೀಟಿಯೇ ಅದಕ್ಕೆ ಉತ್ತರ. ಪುಕ್ಕಟೆ ಜಾಗದಲ್ಲಿ ಹಾಗಲ್ಲ. ಕೆರೆಯ ದಂಡೆಯ ಮೇಲೆ ಒಬ್ಬ ಮುದುಕಿ ಸುಮ್ಮನೆ ಕೂತಿದ್ದರೆ ಹೋಗುವವರು ನಿಂತು, "ಯಾರರ ಬರಾವ್ರದಾರೇನ್ರಿ?" ಎನ್ನುತ್ತಾರೆ. ಯಾರೂ ಇಲ್ಲ, ಹಂಗೇ ಕೂತಿದ್ದೇನೆ ಎಂದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ. ನನ್ನಂಥ ಸಂಕೋಚದವಳಿಗೆ ಆ ಪ್ರಶ್ನೆಗಳು ಟಿಕೀಟಿಗಿಂತ ದುಬಾರಿ.

ಯಲಬುರ್ಗಾ ತಾಲೂಕಿನ ಒಂದು ಸಣ್ಣ ಹಳ್ಳಿಯ ಸಾಲಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಪದ್ಯ ಒಪ್ಪಿಸುವಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. "ಗ್ವಾಡಿ ಪಾಸಾತವಾ, ಇನ್ನ ನೀ ಪಾಸಾಗು," ಎನ್ನುತ್ತಿದ್ದರು ಮಾಸ್ತರರು. ಮದುವೆಯಾದ ಮೇಲೆ ಮಾತಿನ ಕೆಲಸವನ್ನೆಲ್ಲ ನಿಮ್ಮ ಅಜ್ಜ ತಾವೇ ವಹಿಸಿಕೊಂಡರು. ಬಟ್ಟೆಯಂಗಡಿಯಲ್ಲಿ ನನ್ನ ಸೀರೆಯ ಬಣ್ಣವನ್ನೂ ಅವರೇ ಹೇಳುತ್ತಿದ್ದರು, ಅದೂ ತಪ್ಪು ಬಣ್ಣ. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ಆಸ್ತಿಯಲ್ಲಿ ಬಸ್ ಕಂಡಕ್ಟರನಿಗೆ ಊರ ಹೆಸರು ಹೇಳುವುದೂ ಒಂದು. ಕುಷ್ಟಗಿ ಬಸ್ಸಿನಲ್ಲಿ ಒಮ್ಮೆ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಕಂಡಕ್ಟರ್ ಪಾಪ, "ಗಂಟಲಾ ಕೆಟ್ಟೈತೇನ್ರಿ ಅಮ್ಮಾ?" ಎಂದು ಮರುಗಿದ. ಹೌದೆಂದು ತಲೆಯಾಡಿಸಿದೆ. ಸುಲಭವಿತ್ತು.

ಈಗ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿದೆ. ಪುಕ್ಕಟೆಯ ಅಂಜಿಕೆ ನನಗೆ ಅಲ್ಲಿ ಇಲ್ಲ, ಏಕೆಂದರೆ ಕಂಡಕ್ಟರ್ ಸೊನ್ನೆ ರೂಪಾಯಿಯದಾದರೂ ಒಂದು ಟಿಕೀಟು ಹರಿದು ಕೈಗೆ ಕೊಡುತ್ತಾನೆ. ಕೊಡುವುದೇನೂ ಇಲ್ಲ, ಕೂಡುವ ಹಕ್ಕು ಮಾತ್ರ ಪೂರ್ತಿ ಇದೆ. ಈ ಏರ್ಪಾಟು ಮಾಡಿದವರು ಯಾರೋ ನನ್ನಂಥವರನ್ನು ಬಲ್ಲವರೇ ಇರಬೇಕು. ನಾನು, ಶ್ರಾವಣಿ, ಸಮರ್ಥ, ನಮ್ಮ ಮೂವರಲ್ಲಿ ಅರ್ಧ ಟಿಕೀಟಿನ ರೊಕ್ಕ ಬೀಳುವುದು ಸಮರ್ಥನಿಗೆ ಮಾತ್ರ. ಗಂಡಾಗಿ ಹುಟ್ಟಿದ್ದಕ್ಕೆ ಅವನು ಪ್ರತಿ ರವಿವಾರ ಮರುಗುತ್ತಾನೆ. "ಅಜ್ಜಿ, ಮುಂದಿನ ಸಲಾ ನನಗೂ ಜಡಿ ಹಾಕು," ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಅಂದದ್ದನ್ನು ನಾನಿನ್ನೂ ಮರೆತಿಲ್ಲ ಸಮರ್ಥಾ.

ನಮ್ಮ ರವಿವಾರದ ತಿರುಗಾಟ ಶುರುವಾದದ್ದು ನಿಮ್ಮ ಅಪ್ಪನಿಂದ. ನಿಮ್ಮ ಕೈಯಿಂದ ಮೊಬೈಲು ಬಿಡಿಸಲು ಅವನು ಮೊಬೈಲಿನಲ್ಲೇ ಉಪಾಯ ಹುಡುಕಿದ. ಊರಲ್ಲಿ ಮಕ್ಕಳೊಂದಿಗೆ ಪುಕ್ಕಟೆಯಾಗಿ ಏನೇನು ಮಾಡಬಹುದು ಎಂದು ಯಾರೋ ಬರೆದಿದ್ದರು. ಸಮುದ್ರದ ದಂಡೆಗೆ ಹೋಗಿ ಎಂಬುದು ಮೊದಲನೆಯ ಸಲಹೆ. ನಮ್ಮ ಕೊಪ್ಪಳಕ್ಕೆ ಸಮುದ್ರ ಬರುವುದಕ್ಕೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ನಮ್ಮ ದಾರಿ ನಾವೇ ನೋಡಿಕೊಳ್ಳೋಣ ಎಂದುಕೊಂಡು ನಿಮ್ಮನ್ನು ಕರೆದುಕೊಂಡು ಹೊರಟೆ. ನಾನೊಬ್ಬಳೇ ಕೂತರೆ ಪ್ರಶ್ನೆ ಕೇಳುವ ಜನ ನನ್ನ ಪಕ್ಕದಲ್ಲಿ ಇಬ್ಬರು ಮಕ್ಕಳನ್ನು ಕಂಡರೆ ಏನೂ ಕೇಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಮಕ್ಕಳೂ ಒಂದು ಬಗೆಯ ಟಿಕೀಟು.

ಇಟಗಿಗೆ ಹೋದೆವು. ಅಲ್ಲಿಯ ಮಹಾದೇವನ ಗುಡಿಯನ್ನು ಹಳೆಯ ಶಾಸನದಲ್ಲಿ ದೇವಾಲಯಗಳ ಚಕ್ರವರ್ತಿ ಎಂದು ಕರೆದಿದ್ದಾರಂತೆ. ಚಕ್ರವರ್ತಿಯ ದರ್ಶನಕ್ಕೆ ಕಾಸಿಲ್ಲ. ಬಜಾರದಲ್ಲಿ ಪ್ಲಾಸ್ಟಿಕ್ಕಿನ ಆನೆಯ ಮೇಲೆ ಕೂತು ಅಲುಗಾಡಲು ಕಾಸಿದೆ. ನುಣುಪಾದ ಕಂಬದಲ್ಲಿ ಶ್ರಾವಣಿ ತನ್ನ ಮುಖ ನೋಡಿಕೊಳ್ಳುತ್ತಾ ಎಷ್ಟೋ ಹೊತ್ತು ನಿಂತಿದ್ದಳು. ಗಂಗಾವತಿಯ ಕಡೆ ಹೋದಾಗ ಅಕ್ಕಿ ಗಿರಣಿಯ ಹೊರಗಿನ ಹೊಟ್ಟಿನ ಗುಡ್ಡವನ್ನು ದೂರದಿಂದ ನೋಡಿ, ಹೇಮಗುಡ್ಡವನ್ನು ಹತ್ತಿರದಿಂದ ನೋಡಿದೆವು. ಅಲ್ಲಿ ಒಂದು ಮಂಗ ನನ್ನ ಕೈಯಿಂದ ಚುರುಮುರಿ ಪೊಟ್ಟಣವನ್ನು ಕೇಳದೆಯೇ ತೆಗೆದುಕೊಂಡಿತು. ಸಂಕೋಚವಿಲ್ಲದ ಪ್ರಾಣಿಗಳು ಜೀವನದಲ್ಲಿ ಮುಂದೆ ಬರುತ್ತವೆ.

ದೂರ ಹೋಗಲಾಗದ ರವಿವಾರ ನಮ್ಮ ಓಣಿಯಲ್ಲೇ ಜೆಸಿಬಿ ಬರುತ್ತಿತ್ತು. ನಳದ ಪೈಪು ಹಾಕಲು ಅಗೆದ ರಸ್ತೆಯನ್ನು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆಯುತ್ತಿದ್ದರು. ಓಣಿಯ ಮಕ್ಕಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಪಕ್ಕದ ಮನೆಯ ಹಸೀನಾಬಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು, "ಇದಕ್ಕ ಟಿಕೀಟ್ ಇಟ್ಟಿದ್ರ ಮುನಸಿಪಾಲ್ಟಿಗೆ ಪೈಪಿನ ಖರ್ಚರ ಬರ್ತಿತ್ತು ನೋಡ್ರಿ," ಎಂದಳು. ಟಿಕೀಟು ಇಟ್ಟರೆ ಮೊದಲು ತೆಗೆದುಕೊಳ್ಳುವವಳು ಅವಳೇ ಎಂದು ನನಗನ್ನಿಸಿತು. ಹೇಳಲಿಲ್ಲ.

ಈ ಎಲ್ಲ ತಿರುಗಾಟದಲ್ಲಿ ಸಮರ್ಥ ಮಾತಾಡುತ್ತಿದ್ದ, ಶ್ರಾವಣಿ ನೋಡುತ್ತಿದ್ದಳು. ಮನೆಯಲ್ಲಿ ಒಂದಿಷ್ಟು ಮಾತು, ಹೊಸ್ತಿಲು ದಾಟಿದರೆ ಇಲ್ಲ. ಸಾಲಿಯಲ್ಲಂತೂ ಹಾಜರಿ ಕರೆದಾಗಲೂ ಬರೀ ಕೈ ಎತ್ತುತ್ತಾಳೆ ಎಂದು ಟೀಚರು ಹೇಳಿ ಕಳಿಸಿದ್ದರು. ನಿಮ್ಮ ಮಮ್ಮಿಯೂ ಹೈಸ್ಕೂಲಿನ ಟೀಚರು, ಮಾತು ಅವಳ ಉದ್ಯೋಗ. ಮಗಳು ಹೀಗಾದದ್ದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಮಕ್ಕಳನ್ನು ಸ್ಟೇಜಿನ ಮೇಲೆ ನಿಲ್ಲಿಸಿ ಮಾತಾಡಿಸುವ ಕ್ಲಾಸೊಂದು ಊರಲ್ಲಿ ಶುರುವಾಗಿತ್ತು. ಅದೂ ರವಿವಾರವೇ.

"ಅತ್ತಿ, ಸಂಕ್ರಾಂತಿ ತನಕಾ ನೋಡ್ತೀನಿ," ಎಂದಳು. "ಆವಾಗೂ ಹಿಂಗಽ ಇದ್ರ ಕ್ಲಾಸಿಗೆ ಹಚ್ಚಿಬಿಡೂದು. ನಿಮ್ಮ ಜೋಡಿ ತಿರುಗಿದ್ರ ಅಕಿಗೆ ಇನ್ನೊಂದೀಟು ನಿಮ್ಮ ಸ್ವಭಾವನಽ ಬರ್ತೈತಿ."

ಅವಳು ಸಿಟ್ಟಿನಿಂದ ಅಂದದ್ದಲ್ಲ, ಅಂಜಿಕೆಯಿಂದ ಅಂದದ್ದು. ನನ್ನ ಸ್ವಭಾವ ಇಟ್ಟುಕೊಂಡೂ ಒಬ್ಬ ಹೆಣ್ಣುಮಗಳು ಅರವತ್ತು ದಾಟಬಹುದು ಎಂದು ಹೇಳಬೇಕೆನಿಸಿತು. ಅದನ್ನು ಹೇಳಲು ಬೇಕಾದ ಸ್ವಭಾವ ನನ್ನದಲ್ಲ. ಹೀಗಾಗಿ ನಮ್ಮ ರವಿವಾರಗಳು ಸಂಕ್ರಾಂತಿಯವರೆಗೆ ಮಾತ್ರ ನಮ್ಮವು ಎಂದಾಯಿತು. ನಾನೇನೂ ಅವಸರ ಮಾಡಲಿಲ್ಲ. ಮಾತಾಡು ಎಂದು ಒಂದು ಸಲವೂ ಅನ್ನಲಿಲ್ಲ. ಒಳಗೊಳಗೆ ಕಾಯುತ್ತಿದ್ದೆ ಅಷ್ಟೆ.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಆ ದಿನ ನಮ್ಮ ಕಡೆ ಹೊಲವಿದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹೊಲವಿಲ್ಲದವರು ಹೊಲವಿದ್ದವರ ಬೆನ್ನು ಹತ್ತುತ್ತಾರೆ. ಕರೆಯುವವರಿಗೂ ಹೋಗುವವರಿಗೂ ಅದರಲ್ಲಿ ನಾಚಿಕೆಯಿಲ್ಲ. ನಿಮ್ಮ ಅಪ್ಪನ ಆಫೀಸಿನ ಜವಾನ ಬಸಣ್ಣ ಮನೆಗೇ ಬಂದು ಹೇಳಿದ್ದ: "ಅಮ್ಮಾರ, ಹಿಟ್ನಾಳ ದಾಟಿದ ಕೂಡ್ಲೆ ಎಡಕ್ಕ ಮಣ್ಣಿನ ದಾರಿ ಐತ್ರಿ. ದೊಡ್ಡ ಬೇವಿನ ಗಿಡಾ, ಅದರ ಬುಡಕ ಕೆಂಪು ಟ್ರ್ಯಾಕ್ಟರ್. ಯಾರನ್ನೂ ಕೇಳೂದು ಬ್ಯಾಡ, ಸೀದಾ ಬಂದುಬಿಡ್ರಿ." ಯಾರನ್ನೂ ಕೇಳುವುದು ಬೇಡ ಎಂಬ ಮಾತು ನನಗೆ ಬಹಳ ಹಿಡಿಸಿತು.

ನಿಮ್ಮ ಸಾಲಿಗೆ ರಜೆ, ನಿಮ್ಮ ಅಪ್ಪನಿಗೆ ಡ್ಯೂಟಿ, ಮಮ್ಮಿಗೆ ಪೇಪರು ತಿದ್ದುವ ಕೆಲಸ. ನಾವು ಮೂವರೇ ಬಸ್ಸಿಳಿದು ಮಣ್ಣಿನ ದಾರಿ ಹಿಡಿದೆವು. ಬೇವಿನ ಗಿಡ ಕಂಡಿತು, ಬುಡದಲ್ಲಿ ಕೆಂಪು ಟ್ರ್ಯಾಕ್ಟರೂ ಇತ್ತು. ಆ ದಿನ ಆ ಸೀಮೆಯ ಪ್ರತಿ ಬೇವಿನ ಗಿಡದ ಕೆಳಗೂ ಒಂದು ಟ್ರ್ಯಾಕ್ಟರು ನಿಂತಿರುತ್ತದೆ ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ. "ಬರ್ರಿ ಬರ್ರಿ, ನಿಮ್ಮ ದಾರೀನಽ ನೋಡಾಕತ್ತಿದ್ವಿ," ಎಂದು ಒಬ್ಬ ಗಂಡಸು ಎದುರು ಬಂದ. ಬಸಣ್ಣ ನೀರು ತರಲು ಹೋಗಿರಬೇಕೆಂದುಕೊಂಡು ಕಂಬಳಿಯ ಮೇಲೆ ಕೂತೆ. ಅವರು ಮೂವರು ಅಣ್ಣತಮ್ಮಂದಿರು. ಹಿರಿಯವನು ನಮ್ಮನ್ನು ನಡುವಿನವನ ಪೈಕಿ ಎಂದೂ, ನಡುವಿನವನು ಕಿರಿಯವನ ಪೈಕಿ ಎಂದೂ ತಿಳಿದಿದ್ದರೆಂಬುದು ಆಮೇಲೆ ಗೊತ್ತಾಯಿತು. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ನೀವು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಊಟ ಹಾಕುವ ಮನಸ್ಸಿಲ್ಲ ಎಂದಂತೆ.

ಜೋಳದ ನಡುವೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿದ್ದರು. ಅವರ ಬೆನ್ನಿಗೆ ಇನ್ನೊಂದು ಕಲ್ಲು. ನಮ್ಮೂರಿನಲ್ಲಿ ಅದನ್ನು ಕರ್ಣ ಎನ್ನುತ್ತಿದ್ದರು. ಯುದ್ಧದಲ್ಲಿ ಆ ಕಡೆ ನಿಂತರೂ ಊಟದ ಹೊತ್ತಿಗೆ ಈ ಕಡೆಯವನೇ ಎಂದು ನನ್ನ ಅವ್ವ ವಿವರಿಸುತ್ತಿದ್ದಳು. ಪುರಾಣ ಓದಿದವರು ಒಪ್ಪುತ್ತಾರೋ ಇಲ್ಲವೋ ತಿಳಿಯದು.

ಪೂಜೆಯಾದ ಮೇಲೆ ಚರಗ. ಒಬ್ಬರು ಅನ್ನ, ಕಡುಬು, ಪಲ್ಯ ಕಲಸಿದ ಬುಟ್ಟಿ ಹಿಡಿದು ಬೆಳೆಯ ಮೇಲೆ ಚೆಲ್ಲುತ್ತಾ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತಾ ಮುಂದೆ ಹೋಗಬೇಕು. ಹಿಂದಿನವರು ತಂಬಿಗೆಯಿಂದ ನೀರು ಚಿಮುಕಿಸುತ್ತಾ "ಸಲಾಂಬ್ರಿಗ್ಯೋ" ಎನ್ನಬೇಕು. ಊರಿಗೊಂದು ಪಾಠವಿದೆ, ಅರ್ಥ ಯಾವ ಊರಲ್ಲೂ ಇಲ್ಲ. ಸುತ್ತಲಿನ ಹೊಲಗಳಿಂದ ಆಗಲೇ ಇವೇ ಕೂಗುಗಳು ಕೇಳುತ್ತಿದ್ದವು. ಹಿರಿಯವನು ಬುಟ್ಟಿ ಎತ್ತಿಕೊಂಡ. ಅವರ ತಾಯಿ ಸಂಗವ್ವ ಎಂಬ ಮುದುಕಿ ತಂಬಿಗೆಯನ್ನು ಹತ್ತಿರ ನಿಂತಿದ್ದವರ ಕೈಗೆ ಕೊಟ್ಟಳು. ಹತ್ತಿರ ನಿಂತಿದ್ದವಳು ಶ್ರಾವಣಿ, ನೀನು. ನಾನು ಎದ್ದು ಅದನ್ನು ಇಸಿದುಕೊಳ್ಳುವಷ್ಟರಲ್ಲಿ ನೀನು ಅವನ ಹಿಂದೆ ಜೋಳದೊಳಗೆ ಹೋಗಿಬಿಟ್ಟಿದ್ದೆ. ಜೋಳ ನಿನಗಿಂತ ಎತ್ತರವಿತ್ತು.

"ಹುಲ್ಲುಲ್ಲಿಗ್ಯೋ," ಎಂದಿತು ಗಂಡಸಿನ ದನಿ. ಹಿಂದಿನಿಂದ ಏನೂ ಇಲ್ಲ. ಅವನು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲವೇನೋ. ಜೋಳದ ತೆನೆ ಅಲುಗುತ್ತಾ ಮುಂದೆ ಮುಂದೆ ಹೋಯಿತು. ಮತ್ತೊಮ್ಮೆ ಕೂಗಿದ, ಆಗಲೂ ಇಲ್ಲ. ಇನ್ನೊಂದು ಕೂಗಿಗೆ ಜೋಳದ ನಡುವಿನಿಂದ "ಸಲಾಂಬ್ರಿಗ್ಯೋ" ಎಂಬ ತೆಳ್ಳಗಿನ, ಉದ್ದನೆಯ ದನಿ ಎದ್ದಿತು. ಅದು ಯಾರದೆಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಸಮರ್ಥ ಬಾಯಿಯಲ್ಲಿದ್ದ ಕಡಲೆಯನ್ನು ಅಗಿಯುವುದನ್ನೇ ಬಿಟ್ಟ.

ಊಟಕ್ಕೆ ಕೂತಾಗ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎರಡನೆಯ ಹೋಳಿಗೆಯ ಹೊತ್ತಿಗೆ ಸಂಗವ್ವ ನನ್ನ ಕಡೆ ತಿರುಗಿದಳು. "ಯವ್ವಾ, ನಮ್ಮ ನಡುವಿನಾಂವ ಕುಕನೂರಿನ ಬೀಗರು ಬರ್ತಾರಂದಿದ್ದ. ನೀವು ಸೊಸಿಯಾಗಿ ಬರೂ ಹುಡಿಗಿಗೆ ಏನಾಗಬೇಕ್ರಿ?"

"ಬಸಣ್ಣ..." ಎಂದೆ.

"ಯಾವ ಬಸಣ್ಣ?"

ಎಲ್ಲರೂ ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಹೊಲ ತಪ್ಪಿದೆ ಎಂದು ನನಗೆ ಹೊಳೆಯಿತು. ಹೊಳೆದದ್ದು ಬಾಯಿಗೆ ಬರಲಿಲ್ಲ. ಬಾಯಲ್ಲಿ ಹೋಳಿಗೆಯೂ ಇತ್ತು. ಆಗ ನೀನು, ತಲೆ ಎತ್ತದೆ, ತಟ್ಟೆಗೇ ಹೇಳಿದ ಹಾಗೆ ಹೇಳಿದೆ: "ನಾವು ಹೊಲಾ ತಪ್ಪಿ ಬಂದೀವ್ರಿ. ಬಸಣ್ಣ ಕಾಕಾರ ಹೊಲಾ ಆ ಕಡಿ ಬೇವಿನ ಗಿಡದ ಹತ್ರ ಐತ್ರಿ. ಅವರು ಆವಾಗಿಂದ ನಮಗ ಕೈ ಮಾಡಾಕತ್ತಾರ."

ಎಲ್ಲರೂ ಆ ಕಡೆ ತಿರುಗಿದರು. ದೂರದ ಬದುವಿನ ಮೇಲೆ ಬಸಣ್ಣ ಟವೆಲು ಬೀಸುತ್ತಾ ನಿಂತಿದ್ದ.

"ಮೊದಲಽ ಹೇಳಬಾರದೇನಬೇ?" ಎಂದಳು ಸಂಗವ್ವ.

"ಹೋಳಿಗಿ ಭಾಳ ಛಲೋ ಇತ್ರಿ."

ನಗುವಿನಿಂದ ಸಂಗವ್ವನಿಗೆ ಕೆಮ್ಮು ಹತ್ತಿತು. "ಕರದ ಬೀಗರು ಇನ್ನಾ ಬಸ್ಸಿನ್ಯಾಗ ಅದಾರ. ತಪ್ಪಿ ಬಂದಾವ್ರಽ ವಾಸಿ ಬಿಡವಾ, ತುಪ್ಪಾ ಕಡಿಮಿ ಬಿತ್ತಂತ ಮಾರಿ ಕೆಡಸಂಗಿಲ್ಲ," ಎಂದು ನಿನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಬಸಣ್ಣನ ಹೊಲಕ್ಕೆ ಹೋದಾಗ ಅವನು, "ಕೈ ಮಾಡಿ ಮಾಡಿ ನನ್ನ ರೆಟ್ಟಿ ಬಿದ್ದು ಹ್ವಾದ್ವು ಅಮ್ಮಾರ. ನಮ್ಮ ಹೋಳಿಗಿ ಏನು ಪಾಪಾ ಮಾಡಿದ್ವು?" ಎಂದು ಮತ್ತೆ ಪೂರ್ತಿ ಊಟ ಹಾಕಿದ. ಪುಕ್ಕಟೆ ಊಟಕ್ಕೂ ಒಂದು ಬೆಲೆಯಿದೆ ಎಂದು ಆ ರಾತ್ರಿ ನನ್ನ ಹೊಟ್ಟೆ ತಿಳಿಸಿತು.

ಸುದ್ದಿಯನ್ನು ಸಮರ್ಥ ಬಾಗಿಲಲ್ಲೇ ಒದರಿದ. ನಿಮ್ಮ ಮಮ್ಮಿ ಕೆಂಪು ಪೆನ್ನು ಕೆಳಗಿಟ್ಟು, "ಖರೇನ? ಎಲ್ಲಾರ ಮುಂದ ಮಾತಾಡಿದಿ? ಮತ್ತ ಸಾಲ್ಯಾಗ ಯಾಕ ಮಾತಾಡಂಗಿಲ್ಲ?" ಎಂದಳು. ನೀನು ಅಂದೆ, "ಸಾಲ್ಯಾಗ ಎಲ್ಲಾರೂ ಮಾತಾಡು ಮಾತಾಡು ಅಂತಾರ. ಹೊಲದಾಗ ಯಾರೂ ಅನ್ನಲಿಲ್ಲ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಮರುದಿನ ಸಾಲಿಯಲ್ಲಿ ನೀನು ಮತ್ತೆ ಕೈಯನ್ನೇ ಎತ್ತಿದೆಯಂತೆ. ನಾನು ಬೇರೇನೂ ನಿರೀಕ್ಷಿಸಿರಲಿಲ್ಲ. ಒಂದು ಕೂಗಿಗೆ ಸ್ವಭಾವ ಬದಲಾಗುವುದಾದರೆ ಊರಿನ ಹೊಲಗಳಲ್ಲಿ ಜನ ಹಿಡಿಸುತ್ತಿರಲಿಲ್ಲ.

ಸಂಕ್ರಾಂತಿ ಬಂತು. ಎಳ್ಳುಬೆಲ್ಲ ತಿಂದೆವು. ಕ್ಲಾಸಿನ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ರವಿವಾರ ನಾವು ಹೊರಡುವಾಗ ನಿಮ್ಮ ಮಮ್ಮಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ಲೇನ್ರಿ ಅತ್ತಿ?" ಎಂದಳು. ನಮ್ಮೂರ ಕೋಟೆಯ ಕಡೆ ನಡೆದೆವು. ಅವಳು ದಾರಿಯುದ್ದಕ್ಕೂ ಮಾತಾಡಿದಳು. ಗಂಗಾವತಿಯ ತವರುಮನೆಯ ಹಿಂದಿನ ಕಾಲುವೆ, ಅದರಲ್ಲಿ ತನ್ನ ಅಪ್ಪ ಈಜು ಕಲಿಸಿದ್ದು, ಗದ್ದೆಯ ಕೊಕ್ಕರೆಗಳಿಗೆಲ್ಲ ತಾನು ಹೆಸರಿಟ್ಟದ್ದು. ದಿನವಿಡೀ ಮಾತಾಡುವುದೇ ಕೆಲಸವಾದವಳಿಗೆ ಇವನ್ನು ಹೇಳಲು ಯಾವ ಪಿರಿಯಡ್ಡಿನಲ್ಲೂ ಜಾಗ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನೂ ಕೇಳಿರಲಿಲ್ಲ.

ಕೋಟೆಯ ಬಾಗಿಲ ಹತ್ತಿರ ದಣಿದು ಕೂತಾಗ ಅವಳ ಮಾತು ನಡುವೆಯೇ ನಿಂತಿತು. ತಾನು ಬಹಳ ಹೇಳಿದೆ ಎನಿಸಿತೋ ಏನೋ, ಸೆರಗಿನಿಂದ ಮುಖ ಒರೆಸಿಕೊಂಡಳು. ಶ್ರಾವಣಿ, ನೀನು ಸರಿದು ಅವಳ ಮಗ್ಗುಲಿಗೆ ಕೂತು, "ಆಮ್ಯಾಲೆ?" ಎಂದೆ.