ಎಡಗಣ್ಣಿನ ನೀಲಿ

ಮನುಷ್ಯನನ್ನು ಎಂಬತ್ತೇಳರಿಂದ ಭಾಗಿಸಿದರೆ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಉಳಿಯುತ್ತಾನೆ. ರೈಲಿನ ಡೀಸೆಲ್ ಎಂಜಿನ್ನನ್ನು ಭಾಗಿಸಿದರೆ ಒಂದು ಗೇಣಿಗೆ ತುಸು ಕಡಿಮೆ. ಎಂಜಿನ್ ಹತ್ತುವಾಗ ಹಿಡಿಯುವ ಕಂಬಿಯನ್ನು ಭಾಗಿಸಿದರೆ ಕಸದ ಜೊತೆ ಗುಡಿಸಿಹೋಗುವ ಗಾತ್ರ. ಅಭಿಮಾನ ಮಾತ್ರ ಯಾವ ಸಂಖ್ಯೆಯಿಂದಲೂ ಭಾಗವಾಗುವುದಿಲ್ಲ. ಈ ಗಣಿತವನ್ನು ನಾನು ಕಲಿತದ್ದು ಡ್ಯಾಲಸ್ ಹತ್ತಿರದ ಲಿಟಲ್ ಎಲ್ಮ್‌ನ ನಮ್ಮ ಮನೆಯ ಗರಾಜಿನಲ್ಲಿ. ಕಾರು ಹೊರಗೆ ಆಲಿಕಲ್ಲಿಗೆ ಮೈಯೊಡ್ಡಿ ನಿಲ್ಲುತ್ತದೆ. ಒಳಗೆ, ಗೋಡೆಯುದ್ದಕ್ಕೂ ಎದೆಯೆತ್ತರದಲ್ಲಿ ಹೊಡೆದ ಹಲಗೆಯ ಮೇಲೆ, ಗೇಣುದ್ದದ ಎಂಜಿನ್ ಕ್ಷೇಮವಾಗಿರುತ್ತದೆ. ನನ್ನ ಹೆಂಡತಿ ಈ ವ್ಯವಸ್ಥೆಯನ್ನು ಒಪ್ಪಿದ್ದಾಳೆಂದು ಹೇಳಲಾರೆ. ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದಾಳೆ. ಸಂಸಾರದಲ್ಲಿ ಎರಡೂ ಒಂದೇ.

ಪುಟ್ಟ ಮಾದರಿ ರೈಲು ಮಾಡುವ ಈ ಹುಚ್ಚಿನವರು ನಾವು ಮೂವರು. ಹ್ಯೂಸ್ಟನ್ನಿನಲ್ಲಿ, ಎಣ್ಣೆ ಕಂಪನಿಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರು. ಐವತ್ತು ದಾಟಿದ ನಾನೂ ಅವರನ್ನು ಅಂಕಲ್ ಎಂದೇ ಕರೆಯುತ್ತೇನೆ. ಆಸ್ಟಿನ್ನಿನಲ್ಲಿ, ಹಗಲಿಡೀ ಚಿಪ್ ವಿನ್ಯಾಸ ಮಾಡುವ ಧಾರವಾಡದ ಹೆಣ್ಣುಮಗಳು; ಎಂಜಿನ್ನಿನ ಮೈಯನ್ನೂ ಅದರ ಪುಡಿ ಭಾಗಗಳನ್ನೂ ತ್ರೀಡಿ ಪ್ರಿಂಟರಿನಲ್ಲಿ ತೆಗೆದುಕೊಡುವವರು ಅವರೇ. ಮೂರನೆಯವನು ನಾನು. ನನ್ನ ಪಾತ್ರ ಅಂಟಿಸುವುದು, ಆಗಾಗ ಬೆರಳನ್ನೂ ಸೇರಿಸಿ. ನಾವು ಮಾಡುತ್ತಿದ್ದುದು ನಮ್ಮ ದೇಶದ ಹಳೆಯ ಡೀಸೆಲ್ ಎಂಜಿನ್, ಡಬ್ಲ್ಯೂಡಿಎಂ-ಟು: ಒಂದು ಕಡೆ ಉದ್ದ ಮೂತಿ, ಒಂದು ಕಡೆ ಗಿಡ್ಡ ಮೂತಿ, ನಡುವೆ ಡ್ರೈವರನ ಗೂಡು. ಒಂದೊಂದು ಊರಿಗೆ ಒಂದೊಂದು ಎಂಜಿನ್.

ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಸಭೆ ಸೇರುತ್ತಿದ್ದೆವು. ಸಭೆ ಎಂದರೆ ಸಭೆಯೇ, ಅಧ್ಯಕ್ಷತೆ ಅಂಕಲ್‌ದು. ಹಾರನ್ ಎಲ್ಲಿತ್ತು, ಕಿಟಕಿಯ ಜಾಲರಿಯ ಹೆಣಿಗೆ ನೇರವೋ ಓರೆಯೋ, ಎಂಜಿನ್ನಿನಡಿಯ ಮೂರು ಮೂರು ಗಾಲಿಗಳ ನಡುವಿನ ಅಂತರ ಯಾಕೆ ಸಮನಲ್ಲ ಎಂಬ ವಿಷಯಗಳ ಮೇಲೆ ಕಾಫಿ ಆರುವವರೆಗೆ ಚರ್ಚೆ ನಡೆಯುತ್ತಿತ್ತು. ನಮ್ಮ ಬ್ರಾಡ್‌ಗೇಜ್ ಎಂಜಿನ್ನನ್ನು ಅಮೆರಿಕದ ಕಿರಿದಾದ ಹಳಿಯ ಮೇಲೆ ನಿಲ್ಲಿಸಿದ್ದೇವೆ ಎಂಬ ಮೂಲಪಾಪದ ಬಗ್ಗೆ ಮಾತ್ರ ಯಾರೂ ಮಾತೆತ್ತಬಾರದೆಂದು ಮೊದಲ ಸಭೆಯಲ್ಲೇ ಸರ್ವಾನುಮತದ ನಿರ್ಣಯವಾಗಿತ್ತು.

ಬಣ್ಣದ ದಿನ ಬಂತು. ನನ್ನ ನೆನಪಿನಲ್ಲಿ ಆ ಎಂಜಿನ್ ಶಾಯಿಯಂಥ ಮಬ್ಬು ನೀಲಿ. ಧಾರವಾಡದವರ ನೆನಪಿನಲ್ಲಿ ಅದು ನೀಲಿಯೇ ಅಲ್ಲ, ಹಸಿರು. ಹಳೆಯ ಫೋಟೋಗಳನ್ನು ನಂಬುವ ಹಾಗಿಲ್ಲ. ವಯಸ್ಸಾದಂತೆ ಎಲ್ಲ ಫೋಟೋಗಳೂ ಕಾವಿ ಉಡುತ್ತವೆ. ಅಂಕಲ್ ಕೈಯೆತ್ತಿದರು.

“ಕಾಲೇಜಿಗೆ ಹೋಗೋವಾಗ ಬಂಗಾರಪೇಟೆ ಪ್ಲಾಟ್‌ಫಾರ್ಮಲ್ಲಿ ದಿನಾ ನಿಂತಿದೀನಿ. ಈ ಟೇಬಲ್ ಎಷ್ಟು ಹತ್ರ ಇದೆಯೋ ಅಷ್ಟು ಹತ್ರ. ನೀಲಿ, ಮಧ್ಯೆ ಕೆನೆಬಣ್ಣದ ಪಟ್ಟೆ. ಬೇರೇದೆಲ್ಲ ಮರ್ತಿದ್ರೂ ಮರ್ತಿರಬಹುದು, ಅದನ್ನ ಮರ್ತಿಲ್ಲ.”

ಕಣ್ಣಾರೆ ಕಂಡವರ ಮುಂದೆ ನಮ್ಮದೇನು. ಮೂರು ಎಂಜಿನ್ನಿಗೂ ಬಣ್ಣ ಅವರೇ ಬೆರೆಸುವುದೆಂದು ತೀರ್ಮಾನವಾಯಿತು. ನಾಲ್ಕೈದು ವಾರ ಅವರು ಕಿಟಕಿಯ ಬಳಿ ಕುಳಿತು ಬೆರೆಸಿದರು, ಒರೆಸಿದರು, ಮತ್ತೆ ಬೆರೆಸಿದರು. ಕೊನೆಗೆ ಔಷಧಿ ಬಾಟಲಿಯಷ್ಟು ನೀಲಿ, ಅದರ ಅರ್ಧದಷ್ಟು ಕೆನೆಬಣ್ಣ, ನನಗೂ ಆಸ್ಟಿನ್ನಿಗೂ ತಲುಪಿತು.

ಬಾಟಲಿ ತೆರೆದಾಗ ನನಗೆ ನೆನಪಾದದ್ದು ರೈಲಲ್ಲ, ನಮ್ಮಜ್ಜಿ ಬಿಳಿ ಪಂಚೆಗೆ ಅದ್ದುತ್ತಿದ್ದ ಬಟ್ಟೆ ನೀಲಿ. ಅದೂ ಕೈತಪ್ಪಿ ಎರಡು ಪಾಲು ಬಿದ್ದುಹೋದ ದಿನದ್ದು. ಕೆನೆಬಣ್ಣವೋ, ಆಸ್ಪತ್ರೆಯ ಗೋಡೆಯ ಹಾಗೆ ಬೆಳ್ಳಗಿತ್ತು. ಮುಚ್ಚಳ ಹಾಕಿದೆ. ತೆಗೆದೆ. ಅದು ಹಾಗೇ ಇತ್ತು. ಅಷ್ಟರಲ್ಲಿ ಆಸ್ಟಿನ್ನಿನಿಂದ ಫೋನ್.

“ಅಣ್ಣಾರ, ಬಾಟ್ಲಿ ತಗದ್ರೇನು?”

“ತೆಗೆದೆ.”

“ಹ್ಯಾಂಗ ಅನಸ್ತು?”

“ನಿಮಗೆ?”

“ನಾ ಮೊದಲ ಕೇಳೀನ್ರಿ.”

“ಅಂಕಲ್ ಬೆರೆಸಿದ್ದು, ಅಲ್ವಾ,” ಅಂದೆ.

“ಹೌದ್ರಿ. ಕಾಕಾರು ಬೆರಸಿದ್ದು,” ಅಂದರು.

ಚರ್ಚೆ ಮುಗಿಯಿತು. ಧಾರವಾಡದ ಕಡೆಯವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆಂಬ ನಂಬಿಕೆಯೂ ಅಲ್ಲಿಗೆ ಮುಗಿಯಿತು. ಮನೆಗೆ ಬಂದ ಹಿರಿಯರು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಇನ್ನೊಂದು ಸೌಟು ಬಡಿಸಿಕೊಳ್ಳುವ ಜನ ನಾವು. ಅದೇ ಪದ್ಧತಿಯನ್ನು ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ ಅನ್ವಯಿಸಿದೆವು. ಎರಡು ಕೋಟು ಹೊಡೆದೆವು. ಡ್ಯಾಲಸ್ಸಿನ ಮಾಡೆಲ್ ರೈಲು ಪ್ರದರ್ಶನವೊಂದರಲ್ಲಿ ಮೂರು ಎಂಜಿನ್ನುಗಳನ್ನೂ ಸಾಲಾಗಿ ಓಡಿಸಿದಾಗ, ಹತ್ತಿರ ಬಂದು ನೋಡಿದ ಅಮೆರಿಕದ ಮುದುಕರೊಬ್ಬರು ತುಂಬ ಹೊತ್ತು ಪದ ಹುಡುಕಿ, “ಸಂತೋಷದ ಬಣ್ಣ,” ಅಂದರು. ಅಂಕಲ್ ತಲೆಬಾಗಿ ಸ್ವೀಕರಿಸಿದರು.

ವಿಚಿತ್ರವೆಂದರೆ, ಆಮೇಲೆ ಆ ನೀಲಿ ನನ್ನೊಳಗೆ ಇಳಿಯತೊಡಗಿತು. ಭಾನುವಾರದ ಮಧ್ಯಾಹ್ನ ಊಟ ಮಾಡಿ ಗರಾಜಿನಲ್ಲಿ ಕೂತರೆ, ಬಾಗಿಲಿನ ಮೇಲಿನ ಸಾಲು ಗಾಜುಗಳಿಂದ ಬಿಸಿಲು ತುಂಡು ತುಂಡಾಗಿ ಹಲಗೆಯ ಮೇಲೆ ಬೀಳುತ್ತಿತ್ತು. ಎಂಜಿನ್ ಒಂದು ಬೆಳಕಿನಿಂದ ಇನ್ನೊಂದು ಬೆಳಕಿಗೆ, ನಡುವೆ ಒಂದು ನೆರಳಿಗೆ, ಸದ್ದಿಲ್ಲದೆ ಸಾಗುತ್ತಿತ್ತು. ಎಲ್ಲೋ ದೂರದಲ್ಲಿ, ಫ್ರಿಸ್ಕೋ ಕಡೆ, ನಿಜವಾದ ಗೂಡ್ಸ್ ರೈಲು ಕೂಗುತ್ತಿತ್ತು. ತೂಕಡಿಕೆ ಬಂದರೆ ನಾನು ಬೆಂಗಳೂರಿನ ಯಾವುದೋ ಮೇಲ್ಸೇತುವೆಯ ಮೇಲಿರುತ್ತಿದ್ದೆ. ಕೆಳಗೆ ಹಾದುಹೋಗುವ ಎಂಜಿನ್ ಬಟ್ಟೆ ನೀಲಿಯದಾಗಿರುತ್ತಿತ್ತು. ಎಚ್ಚರವಾದ ಮೇಲೆ ಶಾಯಿಯ ನೀಲಿಯನ್ನು ಹುಡುಕಿದರೆ ಸಿಗುತ್ತಿರಲಿಲ್ಲ.

ಈ ನಡುವೆ ಹ್ಯೂಸ್ಟನ್ನಿನ ಆಂಟಿ, ಅಂಕಲ್ ಕೈಯಿಂದ ಕಾರಿನ ಕೀ ಕಿತ್ತುಕೊಂಡರು. ಹೈವೇಯಲ್ಲಿ ಎಕ್ಸಿಟ್‌ನ ಬೋರ್ಡು ಕಾಣದೆ ಎರಡು ಸಲ ಊರಾಚೆ ಹೋಗಿ ಬಂದಿದ್ದರಂತೆ. ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಿತಿದೆ, ಆಪರೇಷನ್ ಆಗಬೇಕು ಅಂದರು. ಅಂಕಲ್ ಮುಂದೂಡುತ್ತ ಹೋದರು. ಧೈರ್ಯ ಹೇಳಲೆಂದು ಫೋನ್ ಮಾಡಿದೆ.

“ಹೆದರಿಕೆ ಅಲ್ಲ ಕಣಯ್ಯ,” ಅಂದರು. “ಪೊರೆ ಬಂದ್ರೆ ಎಲ್ಲ ಹಳದಿಯಾಗಿ ಮಾಸಿ ಕಾಣುತ್ತಂತೆ. ತೆಗೆದ್ರೆ ಬೇರೆ ಥರ ಕಾಣುತ್ತಂತೆ. ನಾನು ಆ ನೀಲಿ ಬೆರೆಸಿದ್ದು ಈ ಕಣ್ಣಲ್ಲಿ. ನಾಳೆ ಹೊಸ ಕಣ್ಣು ಅದನ್ನ ತಪ್ಪು ಅಂದ್ಬಿಟ್ರೆ?”

“ತಪ್ಪು ಅಂದ್ರೆ ಇನ್ನೊಂದ್ಸಲ ಬೆರೆಸಿದ್ರಾಯ್ತು ಅಂಕಲ್.”

“ಬಣ್ಣ ಬಿಡು. ಅದೊಂದು ನನಗೆ ಗಟ್ಟಿಯಾಗಿ ನೆನಪಿದೆ ಅಂದ್ಕೊಂಡಿದೀನಿ. ಅದೇ ಸುಳ್ಳಾದ್ರೆ, ಬಂಗಾರಪೇಟೆಯಲ್ಲಿ ನಿಂತಿದ್ದವನು ನಾನೇ ಅನ್ನೋದಕ್ಕೆ ಏನು ಗ್ಯಾರಂಟಿ?”

ಅದಕ್ಕೆ ಉತ್ತರ ಆಂಟಿಯ ಬಳಿ ಇತ್ತು. ಅವರು ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಸಿಬಿಟ್ಟರು. ಮೊದಲು ಬಲಗಣ್ಣು; ಎರಡು ವಾರ ಬಿಟ್ಟು ಎಡಗಣ್ಣು.

ಬಲಗಣ್ಣಿನ ಆಪರೇಷನ್ ಆದ ವಾರದ ಕೊನೆಯಲ್ಲಿ ಅಂಕಲ್ ದನಿ ಫೋನಿನಲ್ಲಿ ತಗ್ಗಿತ್ತು. “ನನ್ನ ಎಂಜಿನ್ನಿನ ಬಣ್ಣ ಕೆಟ್ಟುಹೋಗಿದೆ ಕಣಯ್ಯ. ಹ್ಯೂಸ್ಟನ್ ಶೆಕೆಗೆ ಇರಬೇಕು. ನಿನ್ನದು ಹೇಗಿದೆ ನೋಡ್ಬೇಕು. ಅವಳಿಗೂ ಬರೋಕೆ ಹೇಳಿದೀನಿ.”

ಮರುವಾರದ ಶನಿವಾರ ಸಭೆ ಮೊದಲ ಸಲ ನಮ್ಮ ಗರಾಜಿನಲ್ಲಿ ಮುಖತಃ ಸೇರಿತು. ಐ-ನಲವತ್ತೈದು ಹೈವೇಯ ಉದ್ದಕ್ಕೂ ಆಂಟಿ ಡ್ರೈವ್ ಮಾಡಿದ್ದರು. ಅಂಕಲ್ ಕಪ್ಪು ಕನ್ನಡಕ ಹಾಕಿಕೊಂಡು, ಕಣ್ಣಿಗೆ ಬಿಡುವ ಔಷಧಿಯನ್ನು ಜೇಬಿನಲ್ಲಿಟ್ಟುಕೊಂಡು ಇಳಿದರು. ಅವರು ಬಗ್ಗುವ ಹಾಗಿರಲಿಲ್ಲ. ನನ್ನ ಹಲಗೆ ಎದೆಯೆತ್ತರದಲ್ಲಿದ್ದದ್ದು ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಧಾರವಾಡದವರು ಆಸ್ಟಿನ್ನಿನಿಂದ ತಮ್ಮ ಎಂಜಿನ್ನನ್ನು ಬಾಳಂತಿಯ ಕೂಸಿನಂತೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ನನ್ನದರ ಪಕ್ಕ ನಿಲ್ಲಿಸಿದರು.

ಅಂಕಲ್ ಕನ್ನಡಕ ತೆಗೆದರು. ಅಂಗೈಯಿಂದ ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲ, ಮತ್ತೆ ಎಡ.

“ಇವೂ ಹೀಗೇ ಇವೆ,” ಅಂದರು. “ಯಾವಾಗಿಂದ?”

“ಮೊದಲಿಂದಾನೂ, ಅಂಕಲ್.”

“ಪಟ್ಟೆ ಇಷ್ಟು ಬೆಳ್ಳಗೆ?”

“ಬೆಳ್ಳಗೇ ಬಂದಿತ್ತು.”

“ನೀವಿಬ್ರೂ ನೋಡಿದ್ರಿ.”

“ನೋಡಿದ್ವ್ರಿ ಕಾಕಾ,” ಅಂದರು ಧಾರವಾಡದವರು, ಟವೆಲ್ ಮಡಚುತ್ತ. ಅದು ಆಗಲೇ ಮಡಚಿಯೇ ಇತ್ತು. “ನೀವು ಕಣ್ಣಾರೆ ಕಂಡೀನಿ ಅಂದಮ್ಯಾಲೆ ನಾವೇನ್ ಅನ್ನೋದ್ರಿ.”

“ನಾನು ಅಂದಿದ್ದೆ,” ಅಂದರು ಆಂಟಿ. “ಬಾಟಲಿ ಮುಚ್ಚೋ ದಿನಾನೇ ಅಂದಿದ್ದೆ, ಇದು ರೈಲಲ್ಲ, ಟಾಯ್ಲೆಟ್ ಕ್ಲೀನರ್ ಬಣ್ಣ ಅಂತ. ನಿನಗೇನು ಗೊತ್ತು, ನೀನು ಬಂಗಾರಪೇಟೆ ನೋಡಿದೀಯಾ ಅಂದ್ರಿ.”

ಅಂಕಲ್ ನಗುತ್ತಾರೋ ಎಂದು ಕಾದೆವು. ನಗಲಿಲ್ಲ. “ಬಣ್ಣ ಇದೆಯಾ ಮನೇಲಿ?” ಎಂದು ನನ್ನನ್ನು ಕೇಳಿದರು.

ಇತ್ತು. ನೀಲಿ, ಕಪ್ಪು, ಹಳದಿ, ಬಿಳಿ ತಂದಿಟ್ಟೆ. ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ಬೆರೆಸಲು ನೋಡಿದರು. ಬಾಟಲಿ ಹಿಡಿಯುವವರಿಲ್ಲದೆ ಜಾರಿತು. ಆಂಟಿ ಅವರ ಹಿಂದೆ ಬಂದು ನಿಂತು, ತಮ್ಮ ಅಂಗೈಯನ್ನು ಅವರ ಎಡಗಣ್ಣಿನ ಮೇಲೆ ಇಟ್ಟರು. ಒತ್ತಲಿಲ್ಲ, ಮರೆಮಾಡಿದರು ಅಷ್ಟೆ. ಹಾಗೆಯೇ ನಿಂತರು. ಬಿಸಿಲಿನ ತುಂಡುಗಳು ಹಲಗೆಯ ಮೇಲೆ ಒಂದಿಷ್ಟು ಸರಿದವು. ಅಂಕಲ್ ಹೊಸ ಕಣ್ಣೊಂದರಿಂದಲೇ ನೀಲಿಗೆ ಕಪ್ಪು ಸೇರಿಸಿದರು, ಕಡ್ಡಿಯ ತುದಿಯಲ್ಲಿ ಹಳದಿ ಮುಟ್ಟಿಸಿದರು, ಪ್ಲಾಸ್ಟಿಕ್ ಚೂರಿನ ಮೇಲೆ ಬಳಿದು ಬೆಳಕಿಗೆ ಹಿಡಿದರು, ಒರೆಸಿದರು. ಆಂಟಿಯ ಕೈ ಸೋತಾಗ ಕೈ ಬದಲಿಸಿದರು. ಆ ಒಂದು ಕ್ಷಣ ಅಂಕಲ್ ತಾವೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಕೊನೆಗೊಂದು ಚೂರು ಮುಂದಿಟ್ಟರು. ಧೂಳು ಕೂತ, ಹೊಗೆ ಕುಡಿದ ನೀಲಿ. “ಇದು,” ಅಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, “ಈ ಸಲ ಹೇಳಿ,” ಅಂದರು.

ಧಾರವಾಡದವರು ಚೂರನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಕರಿ ಒಂಚೂರು ಜಾಸ್ತಿ ಆತ್ರಿ ಕಾಕಾ.”

ಗರಾಜಿನಲ್ಲಿ ಇಂಥ ಮಾತು ಹಿಂದೆ ಕೇಳಿರಲಿಲ್ಲ. ಅಂಕಲ್ ಚೂರನ್ನು ತಿರುಗಿ ತೆಗೆದುಕೊಂಡು ನೋಡಿದರು. “ಹೌದಾ? ಹೌದು,” ಎಂದು ಬಿಳಿಯ ಹನಿಯೊಂದನ್ನು ಬಿಟ್ಟರು. “ನಿನಗೆ?”

ನನ್ನೊಳಗಿನ ಎಂಜಿನ್ನಿಗೆ ಅವರು ಆಗಲೇ ಎರಡು ಕೋಟು ಹೊಡೆದಾಗಿತ್ತು. “ಚೆನ್ನಾಗಿದೆ ಅಂಕಲ್. ನಂಗೆ ಹಳೇದು ಅಭ್ಯಾಸ ಆಗಿದೆ,” ಅಂದೆ. ಅದು ಮರ್ಯಾದೆಯ ಮಾತಾಗಿರಲಿಲ್ಲ, ನಿಜವಾಗಿತ್ತು.

ಕೆನೆಬಣ್ಣವನ್ನೂ ಹೊಸದಾಗಿ ಬೆರೆಸಿದ್ದಾಯಿತು. ಹಳೆಯ ಬಣ್ಣ ಬಿಡಿಸಲು ನಾನು ಸ್ಪಿರಿಟ್ಟಿನ ಡಬ್ಬಿ ತೆರೆದೆ. ಆಸ್ಟಿನ್ನಿನ ಎಂಜಿನ್ನಿನ ಮೈ ಅದರೊಳಗೆ ಮುಳುಗಿತು. ನೀಲಿ ಎಳೆ ಎಳೆಯಾಗಿ ಮೇಲೆದ್ದಿತು. ನನ್ನದಕ್ಕೆ ಕೈ ಹಾಕಿದಾಗ ಅಂಕಲ್ ತಡೆದರು.

“ಅದನ್ನ ಒಂದ್ಸಲ ಓಡಿಸು.”

ಓಡಿಸಿದೆ. ಅವರು ಈಗ ಹೊಸ ಕಣ್ಣನ್ನು ತಮ್ಮ ಕೈಯಿಂದ ಮುಚ್ಚಿಕೊಂಡು, ಹಳೆಯದರಿಂದ ನೋಡುತ್ತಿದ್ದರು. ಎಂಜಿನ್ ಬಿಸಿಲಿಗೆ ಬಂತು, ನೆರಳಿಗೆ ಹೋಯಿತು, ಬಿಸಿಲಿಗೆ ಬಂತು.

“ಈ ಕಣ್ಣಿಗೆ ಇದು ಸರಿಯಾಗಿದೆ ಕಣಯ್ಯ,” ಅಂದರು. “ಕೂದಲೆಳೆ ವ್ಯತ್ಯಾಸ ಇಲ್ಲ. ಅದೇ ನೀಲಿ, ಅದೇ ಕೆನೆ. ಒಂದು ಬೋಗಿ ಹಿಂದೆ ಕಟ್ಟಿದ್ರೆ ನಾನು ಹತ್ತೇಬಿಡ್ತಿದ್ದೆ. ಮರ್ತಿರಲಿಲ್ಲ ನಾನು.”

“ಮರ್ತಿರಲಿಲ್ಲ ಅಂಕಲ್.”

“ಸೋಮವಾರ ಈ ಕಣ್ಣೂ ಹೋಗುತ್ತೆ. ಆಮೇಲೆ ಇದು ಸರಿಯಾಗಿತ್ತು ಅನ್ನೋದಕ್ಕೆ ಸಾಕ್ಷಿ ಒಬ್ಬನೂ ಇರಲ್ಲ.”

ಆಂಟಿ ಕಾರಿನ ಕೀ ಕೈಯಲ್ಲಿ ಹಿಡಿದಿದ್ದರು. ಕತ್ತಲಾಗುವ ಮುಂಚೆ ಹ್ಯೂಸ್ಟನ್ ದಾರಿ ಅರ್ಧವಾದರೂ ಮುಗಿಸಬೇಕೆಂದು ಮಧ್ಯಾಹ್ನದಿಂದ ಹೇಳುತ್ತಿದ್ದರು. ಈಗ ಕೀಯನ್ನು ಹಲಗೆಯ ಮೇಲಿಟ್ಟು, ನನ್ನ ಸ್ಟೂಲನ್ನು ಎಳೆದುಕೊಂಡು ಕೂತರು.

“ಇನ್ನೊಂದ್ಸಲ,” ಅಂದರು ಅಂಕಲ್.

ನಾನು ಎಂಜಿನ್ನನ್ನು ಆ ಕೊನೆಗೆ ಒಯ್ದು ತಿರುಗಿ ಬಿಟ್ಟೆ. ಅದು ಗೋಡೆಯ ಮೂಲೆಯಿಂದ ಹೊರಟು ಅವರ ಕಡೆ ಬರುತ್ತಿತ್ತು. ಹಲಗೆ ನನ್ನ ಗರಾಜಿನಷ್ಟೇ ಉದ್ದ, ಅದಕ್ಕಿಂತ ಹೆಚ್ಚಿಲ್ಲ. ನಾನು ವೇಗದ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತ, ಅದು ನಿಲ್ಲದೆ ಎಷ್ಟು ನಿಧಾನವಾಗಿ ಬರಬಹುದೋ ಅಷ್ಟು ನಿಧಾನ ಮಾಡಿದೆ.