ವಿಮಲತ್ತಿಯ ಏಡಿಗಳು

ಹೈದರಾಬಾದಿನ ಕೊಂಡಾಪುರದ ನಮ್ಮ ಫ್ಲ್ಯಾಟಿನಾಗ ಮಗಳು ನೇಲ್ ಪಾಲಿಶ್ ಹಚ್ಚಿಕೊಳ್ಳಾಕ ಕುಂತ್ರ ನಾ ಎದ್ದು ಬಾಲ್ಕನಿಗೆ ಹೋಗಿಬಿಡತೀನಿ. "ಅವ್ವಾ, ನಿಂದೊಂದು ಅತಿ!" ಅಂತ ಆಕಿ ನಗತಾಳ. ನಗಲಿ. ಆ ವಾಸನಿ ಮೂಗಿಗೆ ಬಡಿದ ಕೂಡಲೇ ಬೇಗಂಪೇಟೆಯ ಹಳೇ ವಿಮಾನ ನಿಲ್ದಾಣದ ಹಿಂದಿದ್ದ ನಮ್ಮ ಬಾಡಿಗಿ ಮನಿ ಕಣ್ಣಿಗೆ ಬರತೈತಿ. ಅದರ ಮಾಳಿಗಿ, ಮಾಳಿಗಿ ಮ್ಯಾಲ ಉಪ್ಪುನೀರಿನ ಕೆಸರು ತುಂಬಿದ್ದ ಸಿಮೆಂಟಿನ ತೊಟ್ಟಿ, ತೊಟ್ಟಿ ಮುಂದ ಮಣೆ ಹಾಕ್ಕೊಂಡು ಕುಂತ ವಿಮಲತ್ತಿ, ನಮ್ಮ ಅಪ್ಪನ ತಂಗಿ. ಈಗ ಆ ಮನಿ ಕೆಡವಿ ಆಫೀಸು ಕಟ್ಟ್ಯಾರ. ಅಲ್ಲಿದ್ದವರೊಳಗ ಉಳಿದಾಕಿ ನಾ ಒಬ್ಬಾಕಿ.

ಅತ್ತಿ ಪಿಎಚ್.ಡಿ. ಮಾಡತಿದ್ಲು, ಅದೂ ಏಡಿ ಮ್ಯಾಲ. ತತ್ತಿ ಸೈತ ಒಳಗ ಬರದ ಮನಿಯಾಗ ಏಡಿ! ಅಜ್ಜಿ ಮಾಳಿಗಿ ಹತ್ತೂದನ್ನ ಬಿಟ್ಟಿದ್ಲು. ಸಮುದ್ರದ ದಂಡಿಯಿಂದ ರೈಲಿನಾಗ ತಂದ, ಹೆಬ್ಬೆಟ್ಟಿನಷ್ಟು ಏಡಿ ಅವು. ಹೆಣ್ಣಿಗೆ ಎರಡೂ ಇಕ್ಕಳ ಸಣ್ಣವು. ಗಂಡಿಗೆ ಮಾತ್ರ ಒಂದು ಇಕ್ಕಳ ಮೈಗಿಂತ ದೊಡ್ಡದು, ಪಿಟೀಲು ಹಿಡಿದವರಂಗ ಎದಿಗೆ ಒತ್ತಿಕೊಂಡಿರತಿತ್ತು. ಬಿಸಿಲು ಏರಿದ ಕೂಡಲೇ ಗಂಡು ಬಿಲದ ಬಾಯಾಗ ನಿಂತು ಆ ಇಕ್ಕಳ ಎತ್ತಿ ಎತ್ತಿ ಬೀಸಿ ಕರೀತಿದ್ದವು. ಹೆಣ್ಣು ಒಂದೊಂದರ ಮುಂದ ನಿಂತು, ನೋಡಿ, ಮುಂದಕ್ಕ ಹೋಗತಿತ್ತು. ಅತ್ತಿನ್ನ ನೋಡಾಕ ಬಂದವರೂ ಹಂಗ ನೋಡಿ, ಅವಲಕ್ಕಿ ತಿಂದು, ಎದ್ದು ಹೋಗತಿದ್ರು. ಎರಡು ಗಂಡು ಜಗಳಕ್ಕ ಬಿದ್ರ ಇಕ್ಕಳಕ್ಕ ಇಕ್ಕಳ ಸಿಗಿಸಿ ಒಂದನ್ನೊಂದು ಎತ್ತಿ ಒಗೀತಿದ್ದವು. ಇಕ್ಕಳ ಕಳಕೊಂಡ ಗಂಡಿಗೆ ಮತ್ತೊಂದು ಬೆಳೀತಿತ್ತು. ನೋಡಾಕ ಅಷ್ಟೇ ಉದ್ದ, ಆದ್ರ ಬಲ ಇಲ್ಲ, ಪೊಳ್ಳು. ಅಂಥಾ ಗಂಡಿಗೆ ಹೆಣ್ಣು ಮೋಸ ಹೋಗತೈತೋ ಇಲ್ಲೋ ಅನ್ನೂದು ಅತ್ತಿಯ ಪ್ರಶ್ನಿ. ಅದಕ್ಕಂತ ಆಕಿ ತನ್ನ ಕೈಯಾರೆ ಏಡಿಯ ಇಕ್ಕಳ ಒತ್ತಿ ಹಿಡೀತಿದ್ಲು. ನೋವಿಗೆ ಏಡಿ ಅದನ್ನ ಕಳಚಿ ಬಿಟ್ಟು ಓಡತಿತ್ತು. ಅತ್ತಿಯ ಮುಖದಾಗ ಒಂದು ಗೆರಿ ಅಲುಗಾಡತಿರಲಿಲ್ಲ. ಅಸಲಿ ಇಕ್ಕಳದ ಏಡಿಗೆ ಬೆನ್ನ ಮ್ಯಾಲ ಕೆಂಪು ನೇಲ್ ಪಾಲಿಶಿನ ಚುಕ್ಕಿ, ಪೊಳ್ಳಿಗೆ ಬಿಳಿ ಚುಕ್ಕಿ. ಯಾವುದು ಎಷ್ಟು ಸಲ ಬೀಸಿತು ಅಂತ ಎಣಿಸೂದು ನನ್ನ ಕೆಲಸ. ಆಗ ನನಗ ಹನ್ನೊಂದು ವರ್ಷ.

ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ: "ದಸರಾದೊಳಗ ನಿಮ್ಮ ಗೈಡ್ ಸರ್ ನಿನ್ನ ಪ್ರಬಂಧಕ್ಕ ಸಹಿ ಹಾಕಿದ್ರ ಓದು. ಇಲ್ಲಂದ್ರ ಬೀದರದವರಿಗೆ ಹೂಂ ಅಂತೀನಿ. ಏಡಿ ಲಗ್ನ ನೋಡಿಕೋತ ನಿನ್ನ ಲಗ್ನದ ವಯಸ್ಸು ಹೋತು." ಬೀದರದ ವರ ಹೆಂಡತಿ ಸತ್ತವ, ಅರಿವಿ ಅಂಗಡಿಯವ, ಅತ್ತಿಗಿಂತ ಹದಿನಾಲ್ಕು ವರ್ಷ ದೊಡ್ಡವ. ಅವರು ಹೆಣ್ಣು ನೋಡಾಕ ಬಂದ ದಿನ ವರನ ಅಕ್ಕ ಅತ್ತಿನ್ನ ಎಬ್ಬಿಸಿ ನಡಿಸಿ, ಬಾಯಿ ತೆಗಿಸಿ ಹಲ್ಲು ನೋಡಿದ್ಲು. ಆಮ್ಯಾಲ ನನ್ನ ಕಡೆ ತಿರುಗಿ, "ನೀ ಏನು ಓದತೀಯವಾ?" ಅಂದ್ಲು. ನಾ ಬಾಯಿ ತೆಗಿಯೂದರೊಳಗ ಅತ್ತಿ ಅಂದ್ಲು: "ಆಕಿನ್ನೇನು ಕೇಳತೀರಿ! ಮೂವತ್ತರ ತನಕ ನೆಟ್ಟಗ ಎಣಿಸಾಕ ಬರೂದಿಲ್ಲ. ಕತ್ತೆ ಬೆಳೆದಂಗ ಬೆಳೆದೈತಿ." ಎಲ್ಲಾರೂ ಹೋ ಅಂತ ನಕ್ರು. ಅವರ ಮುಂದ ಎತ್ತಿನಂಗ ನಿಂತ ಸಿಟ್ಟು ಆಕಿ ನನ್ನ ಮ್ಯಾಲ ತೀರಿಸಿಕೊಂಡಿದ್ಲು ಅಂತ ಈಗ ತಿಳಿತೈತಿ. ಆವಾಗ ನನ್ನ ಮೈಯೆಲ್ಲಾ ಉರಿದಿತ್ತು.

ಮರುದಿನ ಮಧ್ಯಾಹ್ನ ಮನಿ ಮಂದಿ ಮಲಗಿದಾಗ ಮಾಳಿಗಿಗೆ ಹೋದೆ. ಚುಕ್ಕಿ ಉಗುರಿಲೆ ಕೆರೆದು ತೆಗೆದು, ಕೆಂಪಿದ್ದ ಆರಕ್ಕ ಬಿಳಿ, ಬಿಳಿ ಇದ್ದ ಆರಕ್ಕ ಕೆಂಪು ಹಚ್ಚಿದೆ. ತಿಳೀದ ಮಾಡಿದ್ದಲ್ರಿ. ಅತ್ತಿಯ ಲೆಕ್ಕ ಕೆಡತೈತಿ ಅಂತ ಚಲೋತ್ನಾಗ ಗೊತ್ತಿತ್ತು, ಅದಕ್ಕಂತನ ಮಾಡಿದೆ. ಆಕಿ ಏಡಿನ್ನ ನೋಡತಿರಲಿಲ್ಲ, ಚುಕ್ಕಿ ನೋಡತಿದ್ಲು. ತಿಂಗಳತನಕ ಆ ಚುಕ್ಕಿ ನಂಬಿ ಬರದ್ಲು, ಬೀಸಿದ್ದು, ಗೆದ್ದದ್ದು, ಯಾವ ಬಿಲಕ್ಕ ಹೆಣ್ಣು ಇಳೀತು, ಎಲ್ಲಾ. ನಾ ಬಾಜೂಕ ಕುಂತು ಒಂದೂ ತಪ್ಪದ ಎಣಿಸಿ ಕೊಟ್ಟೆ. "ಈಗ ನೋಡು ಹೆಂಗ ಶಾಣ್ಯಾ ಆದಿ," ಅಂತ ಅತ್ತಿ ನನಗ ಕೋಠಿ ಬಜಾರಿನಿಂದ ಹೊಸಾ ಕಂಪಾಸ್ ಪೆಟ್ಟಿಗಿ ತಂದುಕೊಟ್ಟಳು.

ದಸರಾ ಮುಂದ ಆಕಿಯ ಸರ್ ಬಂದ್ರು. ಬಿಳಿ ಚುಕ್ಕಿಯದೊಂದು ಏಡಿ ಎತ್ತಿಕೊಂಡ್ರು. ಅದು ಅವರ ಬೆರಳು ಹಿಡಿದು ರಕ್ತ ಬರಿಸ್ತು. "ಏ ನಕಲಿ ಹೈ ತೋ ಅಸಲಿ ಕೈಸಾ ರಹತಾ ಅಮ್ಮಾ?" ಅಂದ್ರು, ಇದು ಪೊಳ್ಳಾದ್ರ ಅಸಲಿ ಇನ್ನ ಹೆಂಗಿರತೈತಿ ಅಂತ. ಒಂದೊಂದನ್ನ ತಿರುವಿ ನೋಡಿದ್ರು. ಎರಡು ವರ್ಷದ ನೋಟ್‌ಬುಕ್ಕಿನಾಗ ಯಾವ ಹಾಳಿ ನಂಬಬೇಕೋ ತಿಳೀವಲ್ದು ಅಂತ ಹೇಳಿ ಸಹಿ ಹಾಕದ ಇಳಿದು ಹೋದ್ರು. ಅತ್ತಿ ನನ್ನ ಭುಜ ಹಿಡಿದು, "ಪುಟ್ಟಿ, ನೀ ಏನರ ಮುಟ್ಟಿದ್ದೇನು? ಬಯ್ಯೂದಿಲ್ಲ, ಹೇಳು," ಅಂದ್ಲು. ಅಜ್ಜಿ ನನ್ನನ್ನ ದೇವರ ಜಗಲಿಗೆ ಎಳಕೊಂಡು ಹೋಗಿ, ಮುಟ್ಟಿ ಹೇಳು ಅಂದ್ಲು. ಮುಟ್ಟಿ, ಇಲ್ಲ ಅಂದೆ. ನಮ್ಮ ಮನಿಯಾಗ ಜಗಲಿ ಮುಟ್ಟಿ ಆಡಿದ ಮಾತಿಗೆ ಮ್ಯಾಲ ಮಾತಿರಲಿಲ್ಲ. "ಹಂಗಾರ ನನ್ನ ಕೈಲೇ ತಪ್ಪಾಗೈತಿ," ಅಂದ್ಲು ಅತ್ತಿ. ಕಾರ್ತೀಕದಾಗ ಲಗ್ನ ಆತು. ತೊಟ್ಟಿ ಒಣಗಿ ಏಡಿ ಸತ್ತು ನಾರಿದಾಗ ಅಪ್ಪ ಬುಟ್ಟಿಯಾಗ ತುಂಬಿ ಒಗೆದು ಬಂದ.

ನಾ ಕಾಲೇಜಿನಾಗ ಪಾಠ ಹೇಳಾಕ ಹತ್ತಿ ಭಾಳ ವರ್ಷದ ಮ್ಯಾಲ, ಈ ಸಲ ಹೇಳಿಬಿಡಬೇಕು ಅಂತ ಬೀದರಕ್ಕ ಹೋದೆ. ಅತ್ತಿಯ ಕೂದಲೆಲ್ಲಾ ಬೆಳ್ಳಗಾಗಿತ್ತು. ಆಕಿಯ ಮಗಳು ಎಂ.ಎಸ್‌ಸಿ. ಮುಗಿಸಿ, ಹೈದರಾಬಾದಿಗೆ ಹೋಗಿ ಸಂಶೋಧನಾ ಮಾಡತೀನಿ ಅಂತ ಅರ್ಜಿ ತುಂಬಿ ಇಟ್ಟುಕೊಂಡಿದ್ಲು. "ಹುಚ್ಚಿ ಇದು," ಅಂದ್ಲು ಅತ್ತಿ. "ಅದು ನಮ್ಮಂಥವರ ಕೆಲಸಲ್ಲ. ನಾ ಮಾಡಾಕ ಹೋಗಿ ಸರ್ ಮುಂದ ಮಾನ ಕಳಕೊಂಡೆ. ನನ್ನ ತಲಿನ ಈಕಿಗೂ ಬಂದೈತಿ. ನೀ ಕಲತಾಕಿ, ನೀನಾದ್ರೂ ಹೇಳು." ಹುಡುಗಿ ನನ್ನ ಮುಖ ನೋಡಿದ್ಲು. ಅತ್ತಿಯೂ ನೋಡಿದ್ಲು, ಅದೇ ನಂಬಿಕಿಲೆ. ಹೇಳಬೇಕಾದ್ದೆಲ್ಲಾ ಬಾಯಿತನಕ ಬಂದಿತ್ತು.

"ನಿಮ್ಮವ್ವ ಹೇಳೂದು ಖರೇ ಐತಿ," ಅಂದೆ.

ಹುಡುಗಿ ನನ್ನ ಮುಂದಿನ ಚಹಾದ ಕಪ್ಪು ಎತ್ತಿಕೊಂಡು ಒಳಗ ಹೋದ್ಲು. ಅತ್ತಿ ನನ್ನ ಕೈ ಹಿಡಿದು, "ಚಲೋ ಆತು ನೀ ಬಂದಿ," ಅಂದ್ಲು. ಅದ ಆಕಿನ್ನ ನಾ ಕಡೀಕ ನೋಡಿದ್ದು.