ಹಸಿರು ಶಾಯಿಯ ‘ಶ್ರೀ’

ಹೊಸ ಪೆನ್ನು ಕೈಗೆ ಸಿಕ್ಕರೆ ನೀವು ಮೊದಲು ಏನು ಬರೆಯುತ್ತೀರಿ? ಸುಳ್ಳು ಹೇಳಬೇಡಿ, ನಿಮ್ಮ ಹೆಸರನ್ನೇ ತಾನೆ? ವಿಜಯಪುರದ ಕಡೆಯ ನಮ್ಮ ಮನೆತನದಲ್ಲಿ ಹಾಗಿಲ್ಲ. ಮೊದಲು ‘ಶ್ರೀ’ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯಬೇಕು. ಆಮೇಲೆ ಬೇಕಾದರೆ ಬೈಗುಳ ಬರೆಯಿರಿ, ದೇವರು ಏನೂ ಅನ್ನುವುದಿಲ್ಲ. ಈ ಪದ್ಧತಿಯೇ ನನ್ನನ್ನು ನಾವೀಗ ಇರುವ ಮರಾಠಿ ಸೀಮೆಯ ಡೊಂಬಿವಲಿಯಿಂದ ಬೇಲಾಪುರದವರೆಗೆ ಎದೆ ಬಡಿದುಕೊಳ್ಳುತ್ತ ಹೋಗುವಂತೆ ಮಾಡಿತು.

ಫೋನಿನಲ್ಲಿ ಟೈಪು ಮಾಡಲು ಕಲಿತ ಮೇಲೆ ನನ್ನ ಕೈಬರಹ ಕೆಟ್ಟುಹೋಗಿತ್ತು. ಕಿರಾಣಿ ಚೀಟಿಯಲ್ಲಿ ಬರೆದದ್ದು ಜೀರಿಗೆಯೋ ಸಾಸಿವೆಯೋ ನನಗೇ ತಿಳಿಯುತ್ತಿರಲಿಲ್ಲ. “ಅಜ್ಜೀ, ಅಬ್ ಸಿರ್ಫ್ ಉಂಗ್ಲೀ ಚಲ್ತೀ ಹೈ ತುಮ್ಹಾರೀ, ಹಾಥ್ ನಹೀಂ,” ಎಂದಳು ಮೊಮ್ಮಗಳು, ನನ್ನ ಬೆರಳಷ್ಟೇ ಓಡುತ್ತದಂತೆ, ಕೈಯಲ್ಲ. ನಕ್ಕು, ಠಾಣೆ ಊರಿನ ಪೇಟೆಯಿಂದ ಒಂದು ಶಾಯಿ ಪೆನ್ನು, ಒಂದು ಬಾಟಲಿ ಹಸಿರು ಶಾಯಿ ತಂದುಕೊಟ್ಟಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಊಟದ ಮೇಜಿನ ಮೇಲೆ ಸಿಕ್ಕ ಸಿಕ್ಕ ಕಾಗದ ಹರಡಿಕೊಂಡು ಕೂತೆ. ಪೇಪರಿನ ಅಂಚಿನಲ್ಲಿ ಬರೆದ ‘ಶ್ರೀ’ಗೆ ಜೇಡದ ಹಾಗೆ ಕಾಲು ಮೂಡಿದವು. ಲಗ್ನಪತ್ರಿಕೆಯ ನುಣುಪಿನ ಮೇಲೆ ಶಾಯಿ ಆರಲೇ ಇಲ್ಲ, ಅರ್ಧ ಶ್ರೀ ನನ್ನ ಅಂಗೈಗೆ ಬಂತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಚೆನ್ನಾಗಿಯೇ ಮೂಡಿತು, ಆದರೆ ಆಚೆ ಬದಿಗೆ ಇಳಿದು ಏಕಾದಶಿಯನ್ನು ಹಸಿರು ಮಾಡಿತು. ಔಷಧಿ ಅಂಗಡಿಯ ಖಾಕಿ ಲಕೋಟೆಯ ಮೇಲಂತೂ ಹಸಿರು ಹೋಗಿ ಕಪ್ಪಾಯಿತು.

ಮೇಜಿನ ತುದಿಯಲ್ಲಿ ಪ್ಲಾಸ್ಟಿಕ್ ಫೈಲಿನಿಂದ ಅರ್ಧ ಹೊರಗೆ ಇಣುಕುತ್ತಿದ್ದ ಒಂದು ದಪ್ಪ ಹಾಳೆ ಕಂಡಿತು. ಖಾಲಿ, ತುಸು ಹಳದಿ. ನನ್ನ ಓದುವ ಚಾಳೀಸು ದೇವರ ಕಟ್ಟೆಯ ಮೇಲಿತ್ತು, ತರಲು ಏಳಲಿಲ್ಲ. ಶ್ರೀ ಬರೆದೆ, ಎರಡು ಗೆರೆ ಎಳೆದೆ. ಆಹಾ! ಶಾಯಿ ಇಟ್ಟಲ್ಲೇ ಕೂತಿತು. ಅಂಚಿನಲ್ಲಿ ಕೆಂಪು ಹೊಳಪು ಬೇರೆ. ಊದಿ ಆರಿಸೋಣವೆಂದು ಹಾಳೆ ಎತ್ತಿದೆ. ಬೆಳಕಿಗೆ ಆಚೆ ಬದಿಯ ಅಚ್ಚಕ್ಷರ ಕಂಡವು, ಮೂಲೆಯಲ್ಲಿ ಶಾಲೆಯ ದುಂಡನೆಯ ಶಿಕ್ಕಾ ಮೊಹರು.

ಅದು ಮೊಮ್ಮಗಳ ಶಾಲೆ ಬಿಟ್ಟ ದಾಖಲೆ. ಅಸಲು ಪ್ರತಿ.

ಅವತ್ತೇ ಹನ್ನೊಂದು ಗಂಟೆಗೆ ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅವಳ ಅಸಲು ಕಾಗದಗಳ ತಪಾಸಣೆ. ನೌಕರಿಗಾಗಿ ಎರಡು ಸಲ ಪರೀಕ್ಷೆ ಬರೆದು ತಪ್ಪಿ, ಮೂರನೆಯ ಸಲ ಪಟ್ಟಿಯಲ್ಲಿ ಹೆಸರು ಬಂದಿತ್ತು. ಕಾಗದ ಸರಿಯಿಲ್ಲದಿದ್ದರೆ ಹೆಸರು ಹೊಡೆದುಹಾಕಿ ಮುಂದಿನವರನ್ನು ಕರೆಯುತ್ತಾರೆ.

ಒದ್ದೆ ಬೆರಳಿನಿಂದ ಒರೆಸಿದೆ. ಹೋಗುವುದಿರಲಿ, ಶ್ರೀಗೆ ಒಂದು ಬಾಲ ಬಂತು. ಅಷ್ಟರಲ್ಲಿ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಎದುರಿಗೇ ನಿಂತಿದ್ದಳು.

“ಅಜ್ಜೀ! ಯೇ ಓರಿಜಿನಲ್ ಹೈ!”

“ಹಿಂದಿನ ಬದಿಗೆ ಬರದೇನವಾ. ಮುಂದ ಏನೂ ಆಗಿಲ್ಲ ನೋಡ.”

“ಗ್ರೀನ್ ಮೇಂ ಸಿರ್ಫ್ ಬಡೇ ಆಫೀಸರ್ ಸಹೀ ಕರ್ತೇ ಹೈಂ! ಉನ್ಕೋ ಲಗೇಗಾ ಹಮ್ನೇ ನಕ್ಲೀ ಸಹೀ ಮಾರೀ.” ಹಸಿರಿನಲ್ಲಿ ಸಹಿ ಹಾಕುವವರು ದೊಡ್ಡ ಅಧಿಕಾರಿಗಳಷ್ಟೇ ಅಂತೆ, ನಾವು ನಕಲಿ ಸಹಿ ಹೊಡೆದಿದ್ದೇವೆ ಅಂದುಕೊಳ್ಳುತ್ತಾರಂತೆ.

“ಹಸರ ಶಾಯಿ ನಾ ತಂದಿನೇನು? ನೀನ ತಂದಿ.”

ನಾನು ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಬಾಲ, ಕೆಳಗೆ ಎರಡು ಗೆರೆ. ಕನ್ನಡ ಬಾರದವರಿಗೆ ಅದು ಯಾವನೋ ಸಾಹೇಬನ ಸಹಿಯಂತೆಯೇ ಕಾಣುತ್ತಿತ್ತು.

ಬೇಡವೆಂದರೂ ನಾನು ಜೊತೆಗೆ ಹೊರಟೆ. ಕಲ್ಯಾಣದಿಂದಲೇ ತುಂಬಿ ಬಂದ ಲೋಕಲ್ ರೈಲಿನಲ್ಲಿ ಅವಳು ಫೈಲನ್ನು ಎದೆಗೆ ಅವಚಿ ನಿಂತಿದ್ದಳು. ಯಾರ ಮೊಣಕೈ ತಗುಲಿದರೂ ಬೆಚ್ಚುತ್ತಿದ್ದಳು. ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಪನವೇಲಿನ ಗಾಡಿ ಹಿಡಿದೆವು. ಸೀಟು ಸಿಕ್ಕಿತು. ಮೊಮ್ಮಗಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನ ಅಂಗೈಯ ಹಸಿರು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಕಚೇರಿಯಲ್ಲಿ ಮೇಜಿನ ಹಿಂದೆ ಕನ್ನಡಕದ ಒಬ್ಬ ಹೆಂಗಸು, ಮರಾಠಿಯವರು ‘ಬಾಯಿ’ ಅನ್ನುವಂಥವಳು, ಕೂತಿದ್ದಳು. ಒಂದೊಂದೇ ಕಾಗದ ತಿರುವಿ ಗುರುತು ಹಾಕುತ್ತಿದ್ದಳು. ಆ ಹಾಳೆ ಬಂತು. ಮುಂದಿನ ಬದಿ ಓದಿದಳು, ಮಗುಚಿದಳು, ನಿಂತಳು.

“ಹೀ ಕೋಣತ್ಯಾ ಸಾಹೇಬಾಂಚೀ ಸಹೀ?”

ಯಾವ ಸಾಹೇಬರ ಸಹಿ! ನಾನು ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ: “ಶಾಲಿ ಸಾಹೇಬರದು ಅಂತ ಹೇಳಿಬಿಡ. ಈಕಿಗೇನ ಕನ್ನಡ ಓದಲಿಕ್ಕೆ ಬರತದ? ಯಾರಿಗೂ ತಿಳಿಯೂದಿಲ್ಲ.”

ಅವಳು ನನ್ನ ಕಡೆ ನೋಡಲೂ ಇಲ್ಲ. ಮರಾಠಿಯಲ್ಲಿ, ಇದು ಯಾರ ಸಹಿಯೂ ಅಲ್ಲ, ನಮ್ಮ ಅಜ್ಜಿ ಹೊಸ ಶಾಯಿ ನೋಡಲು ಕನ್ನಡದಲ್ಲಿ ಶ್ರೀ ಬರೆದಿದ್ದಾಳೆ, ಹಾಳೆ ಖಾಲಿ ಅಂದುಕೊಂಡಿದ್ದಳು ಎಂದಳು. ನಾನು ಹಸಿರು ಅಂಗೈಯನ್ನು ಮುಂದೆ ಚಾಚಿದೆ. ಸಾಕ್ಷಿ ಹೇಳಲು ನನ್ನ ಹತ್ತಿರ ಅದೊಂದೇ ಇತ್ತು.

ಬಾಯಿ ಅಂಗೈ ನೋಡಿದಳು, ಹಾಳೆ ಹಿಡಿದು ಒಳಗೆ ಹೋದಳು. ಗೋಡೆಯ ಗಡಿಯಾರ ನೋಡಬಾರದೆಂದು ನೆಲದ ಫರಸಿಕಲ್ಲು ಎಣಿಸಿದೆ. ಎರಡು ಸಲ ತಪ್ಪಿದೆ. ಮೊಮ್ಮಗಳ ಕೈ ಹಿಡಿಯಲು ಹೋದೆ, ಅವಳು ಬಿಡಿಸಿಕೊಂಡಳು.

ಬಾಯಿ ಬಂದಳು. ಕೂತು, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಿದಳು. ಹಾಳೆಯನ್ನು ಮೊಮ್ಮಗಳ ಕೈಗೆ ಕೊಟ್ಟು, ಕನ್ನಡಕ ಇಳಿಸಿ, ನನ್ನನ್ನೇ ನೋಡುತ್ತ ಸೊಲ್ಲಾಪುರದ ಕಡೆಯ ಅಚ್ಚಗನ್ನಡದಲ್ಲಿ ಅಂದಳು:

“ನಿಮ್ಮ ಮೊಮ್ಮಗಳು ಖರೇ ಹೇಳಿದ್ಲು, ಉಳಕೊಂಡ್ಲು. ನನಗ ಕನ್ನಡ ಓದಾಕ ಬರಂಗಿಲ್ಲರೀ ಆಯಿ, ಕೇಳಾಕ ಚಲೋ ಬರತೈತಿ.”